ಒಳಗೆ ಬಿಟ್ಟ ಬಟ್ಟೆ

ಮಾರತ್ತಹಳ್ಳಿ,
15 ಡಿಸೆಂಬರ್ 2025, ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಾ,

ಫೋನ್ ಇರೋವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಿನ್ನ ಮುಖ ಕಂಡ ಕೂಡಲೇ ನನ್ನ ಬಾಯಿಗೆ ಬರೋದು ಎರಡೇ ಮಾತು: ಊಟ ಆಯ್ತಾ, ಪೂಜೆಗೆ ಹೋಗಿದ್ಯಾ. ಮೊದಲನೇದಕ್ಕೆ ಹೂಂ ಅಂತೀಯ. ಎರಡನೇದು ಕೇಳಿದ ಕೂಡಲೇ ನಿಮ್ಮ ಐರ್ಲೆಂಡಿನ ನೆಟ್‌ವರ್ಕ್ ಕೈಕೊಡುತ್ತೆ.

ಹೋದ ತಿಂಗಳು ಒಂದು ದಿನ ಮಾತ್ರ ಕೈಕೊಡಲಿಲ್ಲ. ನೀನು ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ, ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ. "ಅಕ್ಕಾ, ಚರ್ಚಿಗೆ ಹೋಗೋದು ಬಿಟ್ಟು ವರ್ಷದ ಮೇಲಾಯ್ತು. ಹೋಗಿ ಕೂತ್ರೆ ಏನೂ ಅನ್ನಿಸಲ್ಲ. ಗೋಡೆ ನೋಡ್ತಾ ಕೂತಹಾಗಿರುತ್ತೆ" ಅಂದೆ. ನಾನು ಬಾಯಿ ಬಿಡಲಿಲ್ಲ. ಆದರೆ ಸಂಜೆಗೆ ಮೂರು ಪ್ರಸಂಗದ ವಿಡಿಯೊ ಕಳಿಸಿದೆ. ಮಾರನೇ ದಿನ ಇನ್ನೆರಡು. ನೀನು ತೆರೆದೂ ನೋಡಲಿಲ್ಲ ಅಂತ ನನಗೆ ಗೊತ್ತು, ಅದರ ಟಿಕ್ಕು ಇನ್ನೂ ನೀಲಿಯಾಗಿಲ್ಲ.

ಅಪ್ಪ ನೆನಪಾದರು ಪುಟ್ಟಾ. ನಮ್ಮ ಹಾರೋಬೆಲೆ ಕಡೆಯ ಮನೆಗಳಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳಕ್ಕೇ ಜಾಗ ಜಾಸ್ತಿ ಅಲ್ವಾ. ಸಂಜೆ ಜಪಸರಕ್ಕೆ ಮಂಡಿಯೂರಿದರೆ ಬೆನ್ನ ಹಿಂದೆ ತಟ್ಟೆಗಳಲ್ಲಿ ಸೊಪ್ಪು ಮೇಯೋ ಸದ್ದು, ಹೆಂಚಿನ ಮೇಲೆ ತುಂತುರು ಬಿದ್ದಹಾಗೆ. ಅಮ್ಮ ಮಂತ್ರ ಶುರು ಮಾಡೋರು, ನಾವು ಮುಗಿಸ್ತಿದ್ವಿ, ನಡುವೆ ಆ ಸದ್ದು. ಹುಳ ಜ್ವರಕ್ಕೆ ಕೂತಾಗ ಮಾತ್ರ ಮನೆ ಗಪ್‌ಚಿಪ್. ಗೂಡು ಕಟ್ಟೋ ಹೊತ್ತಿಗೆ ನಾಲ್ಕು ಸಲ ಜ್ವರ. ತಲೆ ಮೇಲಕ್ಕೆತ್ತಿಕೊಂಡು, ಬಾಯಿ ಆಡಿಸದೆ, ಕಲ್ಲಾಗಿ ಕೂತುಬಿಡೋವು. ನೀನು ಆರೇಳು ವರ್ಷದವನಿದ್ದಾಗ, ಪಾಪ ಹಸಿದಿವೆ ಅಂತ ಕದ್ದು ಒಂದು ತಟ್ಟೆ ತುಂಬ ಸೊಪ್ಪು ಸುರಿದಿದ್ದೆ. ಅಪ್ಪ ಹೊಡೀತಾರೆ ಅಂತ ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊಡೀಲಿಲ್ಲ. ಒಂದೊಂದೇ ಎಲೆ ಎತ್ತಿ ತೆಗೆದು, ಸುಣ್ಣದ ಪುಡಿ ಉದುರಿಸಿ, "ಜ್ವರಕ್ಕೆ ಕೂತದ್ದಕ್ಕೆ ಸೊಪ್ಪು ಹಾಕಿದರೆ ತೇವಕ್ಕೆ ಕೊಳೀತದೆ ಮಗ. ಪೊರೆ ಬಿಟ್ಟು ಎದ್ದಮೇಲೆ ತಿಂತದೆ, ಬಿಡು" ಅಂದರು.

ಆ ಐದು ವಿಡಿಯೊ ಅಳಿಸಿಹಾಕು. ಈ ಕಾಗದದಲ್ಲಿ ಬರೀ ನನ್ನ ಸುದ್ದಿ.

ನನ್ನ ಹೊಲಿಗೆ ಅಂಗಡಿ ಅದೇ ಮೆಟ್ಟಿಲ ಕೆಳಗೇ ಇದೆ. ಬಾಡಿಗೆ ಐನೂರು ಏರಿದೆ. ರಿಂಗ್ ರೋಡಿನಲ್ಲಿ ಮೆಟ್ರೊ ಕಂಬಗಳು ಎದ್ದು ನಿಂತಿವೆ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೂ. ರೈಲು ಇನ್ನೂ ಬಂದಿಲ್ಲ, ಧೂಳು ಬಂದಿದೆ. ಎಚ್‌ಎಎಲ್ ಕಡೆಯಿಂದ ತೇಜಸ್ ಎದ್ದರೆ ಈಗಲೂ ನನ್ನ ಬಾಬಿನ್ ಡಬ್ಬ ಗಡಗಡ ಅನ್ನುತ್ತೆ. ಫ್ಯಾಕ್ಟರಿ ಔಟ್‌ಲೆಟ್‌ಗಳಲ್ಲಿ ಮಾರೋ ಪ್ಯಾಂಟುಗಳನ್ನ ಯಾವ ದೇಶದ ಕಾಲಿಗೆ ಹೊಲೀತಾರೋ ಕಾಣೆ, ನಮ್ಮ ಜನಕ್ಕೆಲ್ಲ ಉದ್ದ. ಆ ಉದ್ದದಲ್ಲೇ ನಮ್ಮ ಸಂಸಾರ ನಡೀತಿದೆ. ನಿಮ್ಮ ಭಾವ ಆಫೀಸ್ ಕ್ಯಾಬು ಬಿಟ್ಟಿಲ್ಲ. ಅವರು ಬೆಳಿಗ್ಗೆ ಮಲಗೋಕೆ ಬರೋ ಹೊತ್ತಿಗೆ ನಾನು ಷಟರ್ ಎತ್ತುತೀನಿ. ಒಂದೇ ಮನೆಯಲ್ಲಿದ್ದೂ ನಾವಿಬ್ಬರೂ ಭಾನುವಾರವೇ ಸರಿಯಾಗಿ ಮುಖ ನೋಡೋದು.

ಡಿಸೆಂಬರಿನಲ್ಲಿ ನನ್ನ ಮಿಷನ್ನಿನ ಮೇಲೆ ಬಣ್ಣದ ಜಾತ್ರೆ. ಅಯ್ಯಪ್ಪ ಮಾಲೆಯವರ ಕಪ್ಪು ಪಂಚೆ, ಓಂ ಶಕ್ತಿ ಮಾಲೆ ಹಾಕಿದ ಹೆಂಗಸರ ಕೆಂಪು ಸೀರೆಗೆ ಫಾಲು, ಸ್ಕೂಲ್ ಮಕ್ಕಳ ಕ್ರಿಸ್ಮಸ್ ನಾಟಕಕ್ಕೆ ದೇವದೂತರ ಬಿಳಿ ಗೌನು. ಶಿವಾಜಿನಗರದ ಮರಿಯಮ್ಮನ ಹಬ್ಬಕ್ಕೆ ಸೆಪ್ಟೆಂಬರ್ ಎಂಟರೊಳಗೆ ಕಾವಿ ಬಟ್ಟೆ ಹೊಲಿಸಿಕೊಂಡವರೇ ಈಗ ಮಕ್ಕಳ ಗೌನು ಹಿಡಿದು ಬರ್ತಾರೆ. ಈ ಸಲ ಇದರ ನಡುವೆ ನಮ್ಮ ಫಾದರ್ ಒಂದು ಗುಲಾಬಿ ಬಣ್ಣದ ಪೂಜಾವಸ್ತ್ರ ತಂದುಕೊಟ್ಟರು. ಹೊಸ ಫಾದರ್ ಆರಡಿ ಮೇಲಿದ್ದಾರೆ. ತೊಟ್ಟರೆ ಮಂಡಿಗೆ ನಿಲ್ಲುತ್ತೆ. "ಏನಾದರೂ ಮಾಡೋಕಾಗುತ್ತಾ ನೋಡಿ ಅಮ್ಮ, ಭಾನುವಾರಕ್ಕೆ ಬೇಕು" ಅಂದರು.

ನೀನು ಪೀಠದ ಹುಡುಗನಾಗಿದ್ದವನು, ನಿನಗೆ ಗೊತ್ತು. ಆ ಬಣ್ಣ ವರ್ಷಕ್ಕೆ ಎರಡೇ ಭಾನುವಾರ. ಆಗಮನ ಕಾಲದಲ್ಲಿ ಮೂರನೇದು, ತಪಸ್ಸುಕಾಲದಲ್ಲಿ ನಾಲ್ಕನೇದು. ಆ ಎರಡು ಕಾಲದ ಉಳಿದ ವಾರಗಳಿಗೆ ಸಾಮಾನ್ಯವಾಗಿ ನೇರಳೆ. ಉಪವಾಸ, ಪ್ರಾಯಶ್ಚಿತ್ತದ ನಡುವೆ ಈ ಒಂದು ದಿನ ಸಂತೋಷಪಡಿ ಅಂತ ಕ್ಯಾಲೆಂಡರಿನಲ್ಲೇ ಬರೆದಿಟ್ಟುಬಿಟ್ಟಿದ್ದಾರೆ. ಸಂತೋಷಕ್ಕೂ ತಾರೀಕು ಗೊತ್ತುಮಾಡೋದಾ? ನಾಲ್ಕು ವರ್ಷದ ಹಿಂದೆ ನನಗೆ ಅದೇ ಸಿಟ್ಟು. 2021ರ ಡಿಸೆಂಬರಿನಲ್ಲಿ, ಅಮ್ಮ ಹೋಗಿ ಏಳು ತಿಂಗಳಾಗಿತ್ತು, ಆಗಿದ್ದ ಫಾದರ್ ಈ ಬಟ್ಟೆ ತೊಟ್ಟು ಪೀಠಕ್ಕೆ ಬಂದರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಮಗಳು ಒಳಗೇ ಇದ್ದಳು. ಬೈಕ್ ನಿಲ್ಲಿಸೋ ಜಾಗದಲ್ಲಿ ಕೂತು ಪೂಜೆ ಮುಗಿಯೋದು ಕಾದೆ. ಅದಾದಮೇಲೂ ಒಂದು ವರ್ಷದ ಹತ್ತಿರ ನಾನು ಚರ್ಚಿಗೆ ಹೋಗ್ತಿದ್ದದ್ದು ಅವಳನ್ನ ಧರ್ಮೋಪದೇಶದ ಕ್ಲಾಸಿಗೆ ಬಿಡೋಕೆ. ಹಿಂದಿನ ಬೆಂಚಿನಲ್ಲಿ ಕೂತು ಟ್ಯೂಬ್‌ಲೈಟ್ ಎಣಿಸ್ತಿದ್ದೆ. ಹದಿನಾಲ್ಕು. ನಿನಗೆ ಗೋಡೆ, ನನಗೆ ಟ್ಯೂಬ್‌ಲೈಟು. ಇದನ್ನ ನಾನು ಯಾರಿಗೂ ಹೇಳಿಲ್ಲ, ನಿಮ್ಮ ಭಾವನಿಗೂ.

ಅಮ್ಮನನ್ನ ಮಣ್ಣು ಮಾಡಿದ ದಿನದ್ದೂ ಒಂದು ಮಾತು ಬಾಕಿ ಇದೆ. ಅವತ್ತು ಭಾವ ಫೋನ್ ಹಿಡಿದು ನಿನಗೆ ತೋರಿಸ್ತಿದ್ದರು. ಅವರ ಕೈ ನಡುಗಿ ನಿನಗೆ ಕಂಡದ್ದು ಅರ್ಧ ಆಕಾಶ, ಅರ್ಧ ಮಣ್ಣು. ಸದ್ದೂ ಕೇಳಿಸಲಿಲ್ಲ ಅಂತ ಆಮೇಲೆ ಹೇಳಿದೆ. ನಾಲ್ಕೈದು ಜನಕ್ಕೆ ಮಾತ್ರ ಒಳಗೆ ಬಿಟ್ಟಿದ್ದರು. ಫಾದರಿಗೇ ಜ್ವರ, ಬರೋಹಾಗಿರಲಿಲ್ಲ. ಕೋವಿಡ್‌ನ ಆ ಎರಡನೇ ಅಲೆಯಲ್ಲಿ ಬೆಂಗಳೂರಲ್ಲಿ ಮರ್ಸಿ ಏಂಜಲ್ಸ್‌ನಂಥ ತಂಡಗಳ ಹುಡುಗರು ಜಾತಿ ಧರ್ಮ ಕೇಳದೆ ಹೆಣ ಹೊತ್ತರಲ್ಲ, ಹಾಗೆ ಬಂದಿದ್ದ ನಾಲ್ಕು ಹುಡುಗರು. ಪ್ಲಾಸ್ಟಿಕ್ ಉಡುಪಿನೊಳಗೆ ನೀರಾಗಿ ಹೋಗಿದ್ದರು. ಪೆಟ್ಟಿಗೆ ಇಳಿಸೋ ಮುಂಚೆ ಒಬ್ಬ ಕೇಳಿದ, "ಅಮ್ಮಾ, ಪ್ರಾರ್ಥನೆ ಯಾರು ಹೇಳ್ತೀರ?" "ನಾನು" ಅಂದೆ. ಪರಲೋಕ ಪ್ರಾರ್ಥನೆ ಶುರುಮಾಡಿದೆ. ದಿನಕ್ಕೆ ಹತ್ತು ಸಲ ಹೇಳಿದ್ದು, ಅಮ್ಮನ ಸೊಂಟದ ಮೇಲೆ ಕೂತು ಕಲಿತದ್ದು, ಎರಡನೇ ಸಾಲಿಗೆ ನಿಂತುಹೋಯ್ತು. ಬಾಯಿ ತೆರೆದುಕೊಂಡು ನಿಂತೆ ಪುಟ್ಟಾ, ಒಂದಕ್ಷರ ಬರಲಿಲ್ಲ.

ಆ ಹುಡುಗ ಒಂದು ಗಳಿಗೆ ನೋಡಿ, ಇಂಗ್ಲಿಷಿನಲ್ಲಿ ತಾನೇ ಹೇಳೋಕೆ ಶುರುಮಾಡಿದ. ನಿಧಾನವಾಗಿ, ಮಗ್ಗಿ ಒಪ್ಪಿಸೋ ಹಾಗೆ, ಕೊನೆಯ ಆಮೆನ್‌ವರೆಗೂ. ನಾನು ಹಿಂದೆ ಹಿಂದೆ ಹೇಳಿದೆ. ಆಮೇಲೆ, "ಕಾನ್ವೆಂಟಲ್ಲಿ ಓದಿದ್ದು ಆಂಟಿ, ದಿನಾ ಅಸೆಂಬ್ಲಿಲಿ ಹೇಳಿಸೋರು" ಅಂತ ಸಂಕೋಚಪಟ್ಟ. ಜೊತೆಯವನು ಅವನನ್ನ ಭಾಯ್ ಅಂತ ಕರೆದ. ಹೆಸರು ಕೇಳೋಕೆ ನನಗೆ ಹೊಳೆಯಲೇ ಇಲ್ಲ. "ಎಷ್ಟು ಜನರ ಕೈ ಹಿಡಿದು ಕೂತೆ ಅಕ್ಕಾ, ಅಮ್ಮನ ಕೈ ಹಿಡಿಯೋಕಾಗಲಿಲ್ಲ" ಅಂತ ನೀನು ಅವತ್ತು ಅತ್ತೆಯಲ್ಲ. ನೀನು ಅಲ್ಲಿ ಐಸಿಯುನಲ್ಲಿ ಯಾರದೋ ಅಮ್ಮನ ಪಕ್ಕ ನಿಂತಿದ್ದಾಗ, ಇಲ್ಲಿ ಯಾರದೋ ಮಗ ನಮ್ಮ ಅಮ್ಮನ ಪಕ್ಕ ನಿಂತಿದ್ದ. ಇದನ್ನ ನಿನಗೆ ಆಗಲೇ ಹೇಳಬೇಕಿತ್ತು. ನನ್ನದೇ ಪ್ರಾರ್ಥನೆ ನನಗೆ ಮರೆತುಹೋದದ್ದಕ್ಕೆ ನಾಚಿಕೆಯಾಗಿ ಮುಚ್ಚಿಟ್ಟುಕೊಂಡೆ.

ಬಟ್ಟೆ ವಿಷಯಕ್ಕೆ ಬರ್ತೀನಿ. ಕೆಳಗೆ ಬೇರೆ ಬಟ್ಟೆ ಜೋಡಿಸೋಣ ಅಂದರೆ ಆ ಬಣ್ಣ ಎಲ್ಲೂ ಸಿಗಲಿಲ್ಲ. ಚಿಕ್ಕಪೇಟೆಯವರೆಗೂ ಹೋಗಿಬಂದೆ. ಶುಕ್ರವಾರ ರಾತ್ರಿ ಬ್ಲೇಡ್ ತಗೊಂಡು ಕೆಳಗಿನ ಮಡಿಕೆ ಬಿಚ್ಚಿದೆ. ಹೊಲಿಗೆ ಕೈಹೊಲಿಗೆ, ಎಳ್ಳಿನಷ್ಟು ಸಣ್ಣದು. ಬಿಚ್ಚೋಕೆ ಮನಸ್ಸು ಬಾರದಂಥದ್ದು. ಒಳಗೆ ನೋಡಿದರೆ ನಾಲ್ಕು ಬೆರಳು ಬಟ್ಟೆ! ಹೊಲಿದ ಪುಣ್ಯಾತ್ಮರು ಕತ್ತರಿಸಿ ಬಿಸಾಡದೆ ಹಾಗೇ ಒಳಗೆ ಮಡಚಿ ಬಿಟ್ಟಿದ್ದಾರೆ. ಇನ್ನೂ ಒಂದು ನೋಡಿದೆ. ಒಳಗಿದ್ದದ್ದು ಬಿಸಿಲು ಕಾಣದ್ದು, ಒಗೆತ ಕಾಣದ್ದು. ಮೇಲಿನದು ಮಾಸಿ ಹಳೇ ಈರುಳ್ಳಿ ಸಿಪ್ಪೆ ಬಣ್ಣಕ್ಕೆ ತಿರುಗಿದ್ದರೆ, ಒಳಗಿನದು ಆಗಷ್ಟೇ ಥಾನಿನಿಂದ ಕತ್ತರಿಸಿದ ಹಾಗೆ, ನಾಟಿ ಗುಲಾಬಿ. ಇಷ್ಟು ವರ್ಷ ನಾವೆಲ್ಲ ಗುಲಾಬಿ ಅಂದುಕೊಂಡಿದ್ದದ್ದು ಗುಲಾಬಿಯೇ ಆಗಿರಲಿಲ್ಲ. ಮಡಿಕೆಯ ಗೆರೆ ಒಂದಲ್ಲ, ಮೂರಿದ್ದವು. ನನಗಿಂತ ಮುಂಚೆ ಇನ್ಯಾರೋ ಇಬ್ಬರು ಯಾವ್ಯಾವುದೋ ಫಾದರಿಗೆ ಇಳಿಸಿದ್ದಾರೆ, ಏರಿಸಿದ್ದಾರೆ. ಒಬ್ಬರದು ಬಿಳಿ ದಾರ, ಇನ್ನೊಬ್ಬರದು ಅವಸರದ ಹೊಲಿಗೆ. ನನ್ನ ಹಾಗೇ ಭಾನುವಾರಕ್ಕೆ ಬೇಕು ಅಂತ ಯಾರೋ ಅವಸರಪಡಿಸಿರಬೇಕು.

ರಾತ್ರಿ ಹನ್ನೊಂದೂವರೆ. ಬೀದಿಯಲ್ಲಿ ಡೆಲಿವರಿ ಹುಡುಗರ ಬೈಕು ಬಿಟ್ಟರೆ ಸದ್ದಿಲ್ಲ. ಆ ಬಟ್ಟೆ ತೊಡೆ ಮೇಲೆ ಹಾಕಿಕೊಂಡು ಒಬ್ಬಳೇ ನಗೋಕೆ ಶುರುಮಾಡಿದೆ. ಯಾಕೆ ಅಂತ ಕೇಳಬೇಡ. ನಿನ್ನ ಖಾಕಿ ಚಡ್ಡಿ ನೆನಪಾಯ್ತು ಅಂತ ಇಟ್ಟುಕೋ. ಜೂನಿನಲ್ಲಿ ಕನಕಪುರದ ಟೈಲರ್ ಹತ್ತಿರ ಅಮ್ಮ ಬಟ್ಟೆ ಕೊಡುವಾಗ ಹೇಳ್ತಿದ್ದದ್ದು ಒಂದೇ ಮಾತು, "ಒಳಗೆ ಬಟ್ಟೆ ಬಿಟ್ಟು ಹೊಲಿಯಪ್ಪ, ಬೆಳೆಯೋ ಮಗ." ವರ್ಷಕ್ಕೊಂದು ಗೆರೆಯಂತೆ ನಿನ್ನ ಚಡ್ಡಿಯ ಅಂಚಿನಲ್ಲಿ ಕಡು ಖಾಕಿ ಪಟ್ಟಿ, ಅದನ್ನ ನೋಡಿ ನಿನ್ನ ಕ್ಲಾಸಿನವರು ರೈಲು ಹಳಿ ಅಂತ ರೇಗಿಸೋರು. ಮನೆಯಲ್ಲಿ ಒಂದು ಸೇರು ಅಕ್ಕಿ ಇಲ್ಲದ ವರ್ಷವೂ ಅಮ್ಮ ಆ ಮಾತು ಬಿಡಲಿಲ್ಲ. ಈ ಮಗ ಬೆಳೆದೇ ಬೆಳೀತಾನೆ ಅಂತ ಆಕೆಗೆ ಅನುಮಾನವೇ ಇರಲಿಲ್ಲ.

ನನ್ನ ಅಂಗಡಿಗೆ ಒಬ್ಬ ಸಾಫ್ಟ್‌ವೇರ್ ಹುಡುಗ ಬರ್ತಿದ್ದ. ಮಾರ್ಚಿನಲ್ಲಿ ಕೆಲಸ ಹೋಯ್ತಂತೆ. ಇಂಟರ್‌ವ್ಯೂ ಪ್ಯಾಂಟಿನ ಸೊಂಟ ಒಂದು ಇಂಚು ಒಳಗೆ ಹಿಡಿಸಿಕೊಂಡು ಹೋದ. ಜುಲೈನಲ್ಲಿ ಬಂದು ಇನ್ನೊಂದಿಷ್ಟು ಹಿಡಿಯಿರಿ ಅಂದ. "ಒಳಗಿನ ಬಟ್ಟೆ ಕತ್ತರಿಸಿಬಿಡಿ ಆಂಟಿ, ಕೂತರೆ ಒತ್ತುತ್ತೆ" ಅಂದ. ನಾನು ಕತ್ತರಿಸಲಿಲ್ಲ, ಮಡಚಿ ಒಂದು ಟಾಕಾ ಹಾಕಿ ಕಳಿಸಿದೆ. ಹೋದ ವಾರ ಬಂದಿದ್ದ. ಬಿಚ್ಚಬೇಕಂತೆ, ಪೂರ್ತಿ. ಹೊಸ ಆಫೀಸಿನಲ್ಲಿ ಎರಡು ಹೊತ್ತು ಊಟ ಅವರದೇ ಅಂತ ನಕ್ಕ. ಪಾಪ, ಅವನಿಗೆ ಮೂವತ್ತು ರೂಪಾಯಿ ಕಡಿಮೆ ತಗೊಂಡೆ. ನಿಮ್ಮ ಭಾವ ಕೇಳಿದರೆ ಬೈತಾರೆ.

ಈ ವರ್ಷ ಜ್ಯೂಬಿಲಿ ವರ್ಷ ಅಂತ ಅಲ್ಲೂ ಕೇಳಿರ್ತೀಯ. 25 ವರ್ಷಕ್ಕೊಂದು. ಹೋದ ಕ್ರಿಸ್ಮಸ್ ಹಿಂದಿನ ರಾತ್ರಿ ಪೋಪ್ ಫ್ರಾನ್ಸಿಸ್ ಗಾಲಿ ಕುರ್ಚಿಯಲ್ಲೇ ಬಂದು ರೋಮಿನ ಪವಿತ್ರ ಬಾಗಿಲು ತೆರೆದರು. ಭರವಸೆಯ ಯಾತ್ರಿಕರು ಅಂತ ವರ್ಷಕ್ಕೆ ಹೆಸರಿಟ್ಟರು. ಏಪ್ರಿಲ್ 21ಕ್ಕೆ, ಪಾಸ್ಖ ಹಬ್ಬದ ಮಾರನೇ ದಿನ ಹೋಗಿಬಿಟ್ಟರು. ಆ ಬಾಗಿಲು ಮುಚ್ಚೋದು ಬರೋ ಜನವರಿ 6ಕ್ಕೆ, ಈಗಿನ ಪೋಪ್ ಲಿಯೋ ಕೈಯಿಂದ. ವರ್ಷವೆಲ್ಲ ಭರವಸೆ ಮೇಲೆ ಪ್ರಸಂಗ ಕೇಳಿದೆ, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಆ ನಾಲ್ಕು ಬೆರಳು ಬಟ್ಟೆ ನಿಂತಿದೆ.

ನಿನ್ನೆ ಫಾದರ್ ಅದನ್ನ ತೊಟ್ಟು ಬಂದರು. ಕೆಳಗೆ ನಾಲ್ಕು ಬೆರಳು ಕಡು ಗುಲಾಬಿ ಪಟ್ಟಿ. ಪೂಜೆ ಆದಮೇಲೆ ಹೆಂಗಸರೆಲ್ಲ ಸುತ್ತಿಕೊಂಡು, ಅಂಚು ಎಷ್ಟು ಚೆನ್ನಾಗಿ ಕೂಡಿಸಿದ್ದೀರ, ಎಲ್ಲಿ ತಂದಿರಿ, ಮೀಟರಿಗೆ ಎಷ್ಟು ಅಂತ ಕೇಳಿದ್ದೇ ಕೇಳಿದ್ದು. ಹಳೇ ಬಟ್ಟೆಯ ಒಳಗಿದ್ದದ್ದೇ ಅಂದರೆ ನಂಬಲಿಲ್ಲ, ಅಂಗಡಿ ಗುಟ್ಟು ಬಿಡ್ತಿಲ್ಲ ಅಂದುಕೊಂಡರು.

ನಮ್ಮ ಕನ್ನಡ ಪೂಜೆ ಬೆಳಿಗ್ಗೆ ಆರೂವರೆಗೆ, ಬರೋರು ಮೂವತ್ತು ನಲವತ್ತು ಜನ. ಎಂಟೂವರೆಯ ಇಂಗ್ಲಿಷಿನದಕ್ಕೆ ಗೇಟಿನಾಚೆವರೆಗೂ ಕುರ್ಚಿ. ಮಗಳಿಗೆ ಅದೇ ಬೇಕು. ಸೆಕೆಂಡ್ ಪಿಯು ಈಗ, ಗೆಳತಿಯರೆಲ್ಲ ಅಲ್ಲಿ, ಗಿಟಾರ್ ಬೇರೆ. ಹೋಗಲಿ ಬಿಡು, ಹೋಗ್ತಿದ್ದಾಳಲ್ಲ. ಮೊನ್ನೆ ಪಾತ್ರೆ ತೊಳೀತಾ ಇದ್ದಾಗ, "ಅಮ್ಮಾ, ದೇವರಿದ್ದಾನೆ ಅಂತ ನಿನಗೆ ಹೆಂಗೆ ಗೊತ್ತು" ಅಂದಳು. ಒಲೆ ಮೇಲೆ ಹಾಲಿತ್ತು, ಉಕ್ಕಿತು, ಮಾತು ಅಲ್ಲಿಗೇ ನಿಂತಿತು. ಇನ್ನೊಂದು ಸಲ ಕೇಳ್ತಾಳೆ. ಏನು ಹೇಳೋದು ಅಂತ ಯೋಚಿಸ್ತಿದ್ದೀನಿ, ನಿನಗೆ ಹೊಳೆದರೆ ಬರಿ.

ಆರೂವರೆ ಪೂಜೆಗೆ ಒಬ್ಬ ಜಾರ್ಖಂಡಿನ ಸೆಕ್ಯೂರಿಟಿ ಹುಡುಗ ಬರ್ತಾನೆ. ಟೆಕ್ ಪಾರ್ಕಿನಲ್ಲಿ ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ನೇರ ಚರ್ಚಿಗೆ. ಅವನಿಗೆ ಕನ್ನಡದಲ್ಲಿ ಗೊತ್ತಿರೋದು "ಗಾಡಿ ಇಲ್ಲಿ ನಿಲ್ಲಿಸಬೇಡಿ" ಒಂದೇ ಅಂತ ಕಾಣುತ್ತೆ. ಬಂದು ಕಂಬಕ್ಕೆ ಒರಗಿ ಕೂತರೆ ಪ್ರಸಂಗ ಪೂರ್ತಿ ಗೊರಕೆ. ಆದರೆ ಗಂಟೆ ಹೊಡೆದ ಕ್ಷಣ ಎಲ್ಲರಿಗಿಂತ ಮೊದಲು ಮಂಡಿಯೂರಿರ್ತಾನೆ. ನಮ್ಮ ಅಜ್ಜಿಯೂ ಹಾಗೇ ಅಲ್ವಾ. 1649ರಲ್ಲೇ ಸಿನ್ನಮಿ ಅನ್ನೋ ಇಟಲಿಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಪುಸ್ತಕ ಬರೆದರಂತೆ, ಆದರೆ ಪೂಜೆಗೆ ಕನ್ನಡ ಬರೋಕೆ ಇನ್ನೂ ಮುನ್ನೂರು ವರ್ಷ ಬೇಕಾಯ್ತು. 1960ರ ದಶಕದಲ್ಲಿ ರೋಮಿನ ಮಹಾಸಭೆ ಒಪ್ಪಿ ಅಲ್ಲಿಂದ ಕಾಗದ ಪತ್ರ ಆಗೋವರೆಗೂ ಅಜ್ಜಿ ಲ್ಯಾಟಿನ್ ಪೂಜೆಯಲ್ಲೇ ಕೂತಿದ್ದರು, ಒಂದಕ್ಷರ ತಿಳಿಯದೆ, ತಮ್ಮ ಪಾಡಿಗೆ ಜಪಸರ ಉರುಳಿಸ್ತಾ. ಮೊದಲ ಸಲ ಕನ್ನಡದಲ್ಲಿ ಕೇಳಿದಾಗ ಏನನ್ನಿಸ್ತು ಅಂತ ನಾನು ಕೇಳಿದ್ದಕ್ಕೆ, "ನಾಚಿಕೆಯಾಯ್ತು ಕಣೆ, ದೇವರು ನಮ್ಮಂಗೇ ಮಾತಾಡ್ತಾನಲ್ಲ ಅಂತ" ಅಂದಿದ್ದರು. ಅರ್ಥ ಆಗದೆ ಕೂತವರು, ನಿದ್ದೆ ಮಾಡ್ತಾ ಕೂತವರು, ಟ್ಯೂಬ್‌ಲೈಟ್ ಎಣಿಸ್ತಾ ಕೂತವರು, ಎಲ್ಲ ನಮ್ಮ ಪೈಕಿಯೇ. ನಾನು ಮತ್ತೆ ಪ್ರಾರ್ಥನೆ ಹೇಳೋಕೆ ಶುರುಮಾಡಿದ್ದು ಯಾವತ್ತು ಅಂತ ಕೇಳಿದರೆ ನನಗೇ ಗೊತ್ತಿಲ್ಲ. ಒಂದು ದಿನ ಝಿಪ್ ಹಾಕುತ್ತಾ ಇದ್ದೆ, ತುಟಿ ತಾನಾಗಿ ಆಡ್ತಿತ್ತು. ಎರಡನೇ ಸಾಲು ದಾಟಿಹೋಗಿತ್ತು.

ನಮ್ಮ ಬೀದಿಯ ಹುಡುಗ ಒಬ್ಬ 19ಕ್ಕೆ ಡಬ್ಲಿನ್‌ಗೆ ಹೊರಡ್ತಾನೆ. ಈ ಕಾಗದ, ಒಂದು ಡಬ್ಬ ಕಜ್ಜಾಯ, ಅಮ್ಮನ ಜಪಸರ ಅವನ ಕೈಲಿ ಕಳಿಸ್ತಿದ್ದೀನಿ. ಕಜ್ಜಾಯ ಈ ಸಲ ಪಾಕ ಒಂಚೂರು ಗಟ್ಟಿಯಾಯ್ತು, ಬೈಕೋಬೇಡ. ಜಪಸರದಲ್ಲಿ ಒಂದು ಮಣಿ ಇಲ್ಲ, ಅಲ್ಲಿ ಅಮ್ಮ ನಿನ್ನ ಸ್ಕೂಲ್ ಷರ್ಟಿನ ಬಿಳಿ ಗುಂಡಿ ಪೋಣಿಸಿದ್ದಾರೆ. ಹೇಳು ಅಂತ ಕಳಿಸ್ತಿಲ್ಲ, ಇಟ್ಟುಕೊಂಡಿರು. ಯೂನಿಫಾರ್ಮ್ ಜೇಬಿನಲ್ಲಿ ಬೇಡ, ಇನ್‌ಫೆಕ್ಷನ್ ಅಂತ ಶುರುಮಾಡ್ತೀಯ. ಲಾಕರಿನಲ್ಲಿ ಇರಲಿ.

ಅಲ್ಲಿ ಈಗ ನಾಲ್ಕೂವರೆಗೇ ಕತ್ತಲಂತೆ. ಡ್ಯೂಟಿ ಇಲ್ಲದ ದಿನ ಹಗಲು ಹೊತ್ತು ಮಲಗೇ ಕಳೀಬೇಡ, ಬಿಸಿಲು ಬಂದರೆ ಹೊರಗೆ ಹೋಗು. ಬ್ರೆಡ್ಡಿನಲ್ಲೇ ದಿನ ದೂಡಬೇಡ, ಕುಕ್ಕರಿನಲ್ಲಿ ಒಂದು ಹಿಡಿ ಅಕ್ಕಿ ಬೇಳೆ ಇಡೋದು ಎಷ್ಟು ಹೊತ್ತಿನ ಕೆಲಸ. ವಿಡಿಯೊದಲ್ಲಿ ನೋಡಿದೆ, ಷರ್ಟು ಹೆಗಲಿಂದ ಜಾರ್ತಿದೆ. ಊರಿಗೆ ಬರೋ ಹೊತ್ತಿಗೆ ಎರಡು ಪ್ಯಾಂಟು ಹೊಲಿದಿಟ್ಟಿರ್ತೀನಿ. ಸೊಂಟದ ಅಳತೆ, ಉದ್ದ, ಎರಡೂ ಕಳಿಸು. ಟೇಪ್ ಇಲ್ಲದಿದ್ದರೆ ದಾರದಲ್ಲಿ ಅಳೆದು ಸ್ಕೇಲ್ ಪಕ್ಕ ಇಟ್ಟು ಫೋಟೊ ತೆಗಿ. ಉಸಿರು ಒಳಗೆ ಎಳೆದುಕೊಂಡು ಅಳೀಬೇಡ, ನನಗೆ ಗೊತ್ತಾಗುತ್ತೆ.

ನಿನ್ನ,
ಅಕ್ಕ